ಕಂಪನಿನ ಕಾಣವಲ್ದ್ರೀ ಸರ!

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬಂತು. ಬಾಗಲಕೋಟೆ ನವನಗರದ ಸಿಮೆಂಟ್ ಅಂಗಡಿಯಲ್ಲಿ ಬಿಲ್ ಹೊಡೆಯುವ ಹುಡುಗ. "ಸರ, ಟ್ಯಾಲಿ ಒಳಗ ಕಂಪನಿನ ಕಾಣವಲ್ದ್ರೀ. ಎಲ್ಲಾ ಹೋತ್ ನೋಡ್ರಿ." ಟ್ಯಾಲಿ ಅಂದರೆ ಅಂಗಡಿಯ ಲೆಕ್ಕ ಇಡುವ ಸಾಫ್ಟ್‌ವೇರ್. ಅದರಲ್ಲಿ ಒಂದೊಂದು ಅಂಗಡಿಯ ಲೆಕ್ಕಕ್ಕೂ 'ಕಂಪನಿ' ಅನ್ನುತ್ತಾರೆ.

ಅವತ್ತು 2025ರ ನವೆಂಬರ್ 10. ಮರುದಿನ ಅಕ್ಟೋಬರ್ ತಿಂಗಳ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರದ ರಿಟರ್ನ್, ಹಾಕಲು ಕೊನೆಯ ದಿನ. ನಾನು ಬಾಗಲಕೋಟೆ ಸುತ್ತಮುತ್ತ ಒಂಬತ್ತು ಅಂಗಡಿಗಳ ಲೆಕ್ಕ ನೋಡುತ್ತೇನೆ. ತಿಂಗಳ ಹತ್ತನೇ ತಾರೀಖು ನನ್ನ ಫೋನ್ ಬಿಸಿಯಾಗಿಯೇ ಇರುತ್ತದೆ. ಆ ಹೊತ್ತಿಗೆ ಗುಳೇದಗುಡ್ಡದ ಖಣದ ಅಂಗಡಿಯೊಂದರಲ್ಲಿ ಕೂತಿದ್ದೆ. ಎದುರಿಗೆ ಖರೀದಿ ಬಿಲ್ಲುಗಳ ರಾಶಿ. ಏನು ಎತ್ತ ಅಂತ ಕೇಳದೆ ಸುಮ್ನೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಗಲ್ಲಾಪೆಟ್ಟಿಗ್ಯಾಗ ಪೆನ್ ಡ್ರೈವ್ ಐತಿ, ಅದರಾಗ ಬ್ಯಾಕಪ್ ಐತಿ. ಅದನ್ನ ಹಾಕ್ಕೊಂಡು ಸದ್ಯಕ್ಕ ಬಿಲ್ ಹೊಡಿ. ಮಧ್ಯಾಹ್ನ ಬರ್ತೀನಿ."

ಆ ಒಂದು ಮಾತಿಗೆ ಇಡೀ ದಿನ ದಂಡ ತೆತ್ತೆ.

ಹನ್ನೆರಡರ ಸುಮಾರಿಗೆ ಸಾವಕಾರ್ರದೇ ಫೋನ್. ಒಬ್ಬ ಗುತ್ತಿಗೆದಾರ ಬಿಲ್ ಹಿಡಿದುಕೊಂಡು ಅಂಗಡಿಗೆ ವಾಪಸ್ ಬಂದಿದ್ದಾನಂತೆ. "ಸಿಮೆಂಟಿಗೆ ಜಿಎಸ್‌ಟಿ 18 ಆಗಿ ಎಷ್ಟು ದಿನ ಆತು, ನಮಗ ಇನ್ನಾ 28 ಹಾಕ್ತೀರೇನು?" ಅಂತ ಜಗಳ. ಅವನದು ತಪ್ಪಲ್ಲ. ಸಿಮೆಂಟ್ ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದದ್ದು ಸೆಪ್ಟೆಂಬರ್ 22ರಿಂದ. ಚೀಲದ ಮೂಲ ಬೆಲೆ 300 ರೂಪಾಯಿ ಇದ್ದರೆ ಚೀಲಕ್ಕೆ 30 ರೂಪಾಯಿ ಫರಕು. ನೂರು ಚೀಲ ಒಯ್ದವನು ಸುಮ್ಮನಿರುತ್ತಾನಾ?

ನನಗೆ ಅಲ್ಲೇ ಬೆವರು ಬಂತು. ಸೆಪ್ಟೆಂಬರ್‌ನಲ್ಲಿ ನಾನೇ ಕೂತು ಆ ಅಂಗಡಿಯ ಎಲ್ಲ ಸಿಮೆಂಟ್ ಐಟಂಗಳಿಗೂ ಹೊಸ ದರ ಹಾಕಿದ್ದೆ. ಈಗ ಮತ್ತೆ 28 ಬರುತ್ತಿದೆ ಅಂದರೆ ಪೆನ್ ಡ್ರೈವ್‌ನಲ್ಲಿರುವುದು ಅದಕ್ಕೂ ಮುಂಚಿನ ನಕಲು. ಅಂದರೆ ಎರಡು ತಿಂಗಳಿಂದ ನಾನು ಬ್ಯಾಕಪ್ ತೆಗೆದಿಲ್ಲ. ವಾರಕ್ಕೊಮ್ಮೆ ತೆಗೆಯುತ್ತೇನೆ ಅಂತ ಸಾವಕಾರ್ರಿಗೆ ಹೇಳಿಕೊಂಡು ತಿರುಗುತ್ತಿದ್ದವನು ನಾನೇ.

ಎರಡು ಗಂಟೆಗೆ ಅಂಗಡಿ ಮುಟ್ಟಿದೆ. ಹುಡುಗನ ಮುಖ ಬಾಡಿತ್ತು. ಮೊದಲು ಅವನನ್ನು ಎಬ್ಬಿಸಿ, ಟ್ಯಾಲಿ ಮುಚ್ಚಿಸಿ, ಚಹಾ ತರಲು ಕಳಿಸಿದೆ. ಚಹಾ ನೆಪ. ಕೀಬೋರ್ಡಿನ ಹತ್ತಿರ ಯಾರೂ ಇರಬಾರದಿತ್ತು ಅಷ್ಟೇ.

ಆಮೇಲೆ ಸಾವಕಾರ್ರನ್ನು ಕೇಳಿದೆ: "ಕಾಕಾ, ಶನಿವಾರದಿಂದ ಇವತ್ತಿನ ತನಕ ಈ ಕಂಪ್ಯೂಟರಿಗೆ ಯಾರರೆ ಕೈ ಹಚ್ಚ್ಯಾರೇನ್ರಿ?"

"ಯಾರೂ ಹಚ್ಚಿಲ್ಲಪಾ" ಅಂದರು. ಎಲ್ಲ ಅಂಗಡಿಯಲ್ಲೂ ಮೊದಲ ಉತ್ತರ ಇದೇ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಎರಡನೇ ಉತ್ತರ ಬರುತ್ತದೆ. ಬಂತು. "ಭಾಳ ಸ್ಲೋ ಆಗಿತ್ತಲ್ಲ, ನಿನ್ನೆ ರಿಪೇರಿ ಹುಡುಗನ್ನ ಕರಸಿದ್ನಿ. ಏನೋ ಹೊಸಾದು ಹಾಕಿ ಹೋದ."

ಹೊಸದು ಅಂದರೆ ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕಿಗಿಂತ ಜೋರಾಗಿ ಓಡುವ ಡಿಸ್ಕ್. ಅದರಲ್ಲಿ ಹೊಸ ವಿಂಡೋಸ್, ಹೊಸದಾಗಿ ಹಾಕಿದ ಟ್ಯಾಲಿಪ್ರೈಮ್ (ಟ್ಯಾಲಿಯ ಈಗಿನ ಆವೃತ್ತಿ). ಹಳೆಯ ಹಾರ್ಡ್‌ಡಿಸ್ಕ್ ಒಳಗೇ ಎರಡನೇ ಡಿಸ್ಕ್ ಆಗಿ ಕೂತಿತ್ತು. ಅವನ ಕೆಲಸ ಅವನು ಸರಿಯಾಗಿಯೇ ಮಾಡಿದ್ದ, ಒಂದು ಫೈಲನ್ನೂ ಅಳಿಸಿರಲಿಲ್ಲ. ಆದರೆ ಮೊದಲು ಡಿ ಡ್ರೈವ್ ಆಗಿದ್ದದ್ದು ಈಗ ಎಫ್ ಆಗಿತ್ತು. ಅಂಗಡಿಯ ಲೆಕ್ಕ ಇದ್ದದ್ದು ಡಿ ಒಳಗಿನ ಫೋಲ್ಡರ್‌ನಲ್ಲಿ. ಹೊಸ ಟ್ಯಾಲಿ ಸಿ ಡ್ರೈವ್‌ನಲ್ಲಿ ತನ್ನದೇ ಡೇಟಾ ಫೋಲ್ಡರ್ ಮಾಡಿಕೊಂಡು, ಅಲ್ಲಿ ಹುಡುಕಿ, ಏನೂ ಸಿಗದೆ ಖಾಲಿ ಪಟ್ಟಿ ತೋರಿಸಿತ್ತು.

ಇದನ್ನು ಸಾವಕಾರ್ರಿಗೆ ವಿವರಿಸಲು ಹೋದೆ. ಅವರು ನನ್ನನ್ನು ಅರ್ಧಕ್ಕೇ ತಡೆದರು. "ತಿಳೀತು ಬಿಡು. ಮುಳುಗಡ್ಯಾಗ ನಮ್ಮ ಅಂಗಡಿ ಎತ್ತಂಗಡಿ ಆತಲ್ಲ. ನಾವು ಇಲ್ಲಿ ಬಂದು ಕುಂತಿದ್ವಿ, ಕಾಗದ ಎಲ್ಲಾ ಹಳೇ ಊರಿಗೇ ಹೋಗತಿದ್ದು. ಅಂಗಡಿ ಮುಳುಗಿತ್ತು, ನಾವೇನು ಮುಳುಗಿದ್ದಿಲ್ಲ." ಆಲಮಟ್ಟಿ ಹಿನ್ನೀರಿಗೆ ಅರ್ಧ ಊರು ಬಿಟ್ಟುಕೊಟ್ಟು ಬಂದವರಿಗೆ ಡೇಟಾ ಪಾತ್, ಅಂದರೆ ಲೆಕ್ಕ ಇರುವ ಜಾಗದ ವಿಳಾಸ, ಅಂದರೇನು ಅಂತ ನಾನು ಹೇಳಿಕೊಡಬೇಕೇ? ಈಗ ಬೇರೆ ಅಂಗಡಿಗಳಲ್ಲೂ ಅವರ ಮಾತನ್ನೇ ಬಳಸುತ್ತೇನೆ. ಲೆಕ್ಕ ಹೋಗಿಲ್ರೀ, ಎತ್ತಂಗಡಿ ಆಗೇತಿ.

ಟ್ಯಾಲಿ ಒಂದೊಂದು ಕಂಪನಿಗೂ ಒಂದೊಂದು ಫೋಲ್ಡರ್ ಮಾಡುತ್ತದೆ. ಅದಕ್ಕೆ ಅಂಗಡಿಯ ಹೆಸರು ಇರುವುದಿಲ್ಲ, ನಂಬರ್ ಇರುತ್ತದೆ. ಹಳೆಯ ಆವೃತ್ತಿ ಟ್ಯಾಲಿ ಇಆರ್‌ಪಿ 9ರಲ್ಲಿ 10000 ಥರ ಐದಂಕಿ, ಈಗಿನ ಪ್ರೈಮ್‌ನಲ್ಲಿ 100000 ಥರ ಆರಂಕಿ. ಒಳಗಿನ ಫೈಲುಗಳ ಬಾಲದಲ್ಲಿ ಹಳೆಯದಕ್ಕೆ 900, ಹೊಸದಕ್ಕೆ 1800 ಅಂತ ಇರುತ್ತದೆ. ಹಾಗಾಗಿ ಅಂಗಡಿ ಹೆಸರು ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ಹುಡುಕುವ ಜಾಗದಲ್ಲಿ ಸ್ಟಾರ್ ಡಾಟ್ 1800 ಅಂತ ಹೊಡೆದೆ. ಎಫ್ ಡ್ರೈವ್‌ನಲ್ಲಿ ಮೂರು ಫೋಲ್ಡರ್ ಸಿಕ್ಕವು. ಅದರಲ್ಲಿ ಈ ಅಂಗಡಿಯವು ಎರಡು, ಎರಡಕ್ಕೂ ಒಂದೇ ನಂಬರ್. ಒಂದು ಲೆಕ್ಕದ ಫೋಲ್ಡರ್‌ನಲ್ಲಿ, ಇನ್ನೊಂದು ಯಾರೋ ಯಾವತ್ತೋ ಮಾಡಿದ 'ನ್ಯೂ ಫೋಲ್ಡರ್' ಒಳಗೆ. ಪೆನ್ ಡ್ರೈವ್‌ನದೂ ಸೇರಿದರೆ ಒಂದೇ ಅಂಗಡಿಯ ಮೂರು ಲೆಕ್ಕ. ಯಾವುದು ಅಸಲಿ?

ಹುಡುಗ ಚಹಾ ತಂದು ಹಿಂದೆ ನಿಂತಿದ್ದ. "ಸರ, ತಾರೀಖು ನೋಡ್ರೆಲಾ. ಯಾವುದು ಹೊಸಾದೈತಿ ಅದ" ಅಂದ. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ನಾನೂ ಮೊದಲೆಲ್ಲಾ ಹಾಗೇ ಮಾಡುತ್ತಿದ್ದೆ. ಆದರೆ ಟ್ಯಾಲಿಯಲ್ಲಿ ಕಂಪನಿಯನ್ನು ತೆರೆದರೆ ಸಾಕು, ಕೆಲವು ಫೈಲುಗಳ ತಾರೀಖು ಬದಲಾಗುತ್ತದೆ. ಬೆಳಿಗ್ಗೆಯಿಂದ ಅವನು ಕೆಲಸ ಮಾಡಿದ್ದು ಪೆನ್ ಡ್ರೈವ್‌ನ ಹಳೆಯ ನಕಲಿನಲ್ಲಿ. ಆದ್ದರಿಂದ ಎಲ್ಲಕ್ಕಿಂತ ಹಳೆಯ ಲೆಕ್ಕಕ್ಕೆ ಎಲ್ಲಕ್ಕಿಂತ ಹೊಸ ತಾರೀಖು ಬಿದ್ದಿತ್ತು. ತಾರೀಖು ನಂಬಿ ಅದನ್ನೇ ಅಸಲಿ ಅಂತ ಇಟ್ಟುಕೊಂಡು ಉಳಿದದ್ದನ್ನು ಅಳಿಸಿದ್ದರೆ ಎರಡು ತಿಂಗಳ ವ್ಯಾಪಾರ ಕೃಷ್ಣಾರ್ಪಣ.

ನಾನು ತಾರೀಖು ಬಿಟ್ಟು ಕಾಗದ ಕೇಳಿದೆ. ಶನಿವಾರ ಸಂಜೆಯ ಕೊನೆಯ ಬಿಲ್ಲಿನ ಪ್ರತಿ ಮೊಳೆಗೆ ಚುಚ್ಚಿತ್ತು. ನಂಬರ್ 1908. ಈ ಅಂಗಡಿಯ ಮೂರೂ ಲೆಕ್ಕಗಳನ್ನು ಮೊದಲು ನನ್ನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಂಡೆ. ಅಸಲಿಯನ್ನು ತೆರೆಯುವ ಮುಂಚೆಯೇ ನಕಲು, ಇದರಲ್ಲಿ ನಾನು ಈಗ ಮಡಿ ಬ್ರಾಹ್ಮಣನಷ್ಟು ಕಟ್ಟುನಿಟ್ಟು. ಆಮೇಲೆ ಕಂಪನಿ ಆರಿಸುವ ಪಟ್ಟಿಯಲ್ಲಿ 'ಸ್ಪೆಸಿಫೈ ಪಾತ್' ಒತ್ತಿ, ಒಂದೊಂದೇ ನಕಲಿನ ದಾರಿ ಕೊಟ್ಟು ತೆರೆದೆ. ಪೆನ್ ಡ್ರೈವ್‌ನದರಲ್ಲಿ ಹುಡುಗನ ಇವತ್ತಿನ ಬಿಲ್ಲು ಬಿಟ್ಟರೆ ಕೊನೆಯದು 1312, ಆಗಸ್ಟ್ 30. 'ನ್ಯೂ ಫೋಲ್ಡರ್'ನದು ಹೋದ ವರ್ಷದ್ದು. ಮೂರನೆಯದರಲ್ಲಿ 1908 ಕಣ್ಣಿಗೆ ಬಿತ್ತು. ಬ್ಯಾಂಕ್ ಖಾತೆಯ ಬಾಕಿ ಪಾಸ್‌ಬುಕ್‌ಗೆ ತಾಳೆ ಆಯಿತು. ಸೆಪ್ಟೆಂಬರ್‌ನ ಮಾರಾಟದ ಮೊತ್ತ ಆ ತಿಂಗಳ ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿಯಲ್ಲಿ ತುಂಬಿದ ಮೊತ್ತಕ್ಕೆ ಕೂಡಿತು. ಆಗ ಚಹಾ ಕುಡಿದೆ. ಆರಿ ನೀರಾಗಿತ್ತು.

ಇಷ್ಟು ಹೆದರಿಕೆ ನನಗೆ ಸುಮ್ನೆ ಬಂದದ್ದಲ್ಲ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಕಾಳಿನ ಅಡತಿಯಲ್ಲಿ ಹೀಗೇ ಕಂಪನಿ ಕಾಣಲಿಲ್ಲ. ಬ್ಯಾಕಪ್ ಇತ್ತು, ಅದನ್ನು ವಾಪಸ್ ತರುವ ರಿಸ್ಟೋರ್ ಒತ್ತಿದೆ. ಆ ನಂಬರಿನ ಕಂಪನಿ ಆಗಲೇ ಇದೆ, ಅದರ ಮೇಲೆ ಬರೆಯಲೇ ಅಂತ ಟ್ಯಾಲಿ ಕೇಳಿತು. ನೋಡಿ, ಅದು ಕೇಳಿತ್ತು! ಕಂಪನಿ ಇದೆ ಅಂತಲೇ ಹೇಳಿತ್ತು! ನಾನು ಹೌದು ಅಂದೆ. ಮೂರು ವಾರದ ಅಸಲಿ ಲೆಕ್ಕದ ಮೇಲೆ ಹಳೆಯದು ಬಂದು ಕೂತಿತು. ಎರಡು ರಾತ್ರಿ ಅಡತಿಯ ಚೀಲಗಳ ನಡುವೆ ಕೂತು ಪಟ್ಟಿಗಳನ್ನು ಮತ್ತೆ ಹೊಡೆದೆ. ಅಡತಿಯವರು ಬೈಯಲಿಲ್ಲ. ರಾತ್ರಿ ಮನೆಯಿಂದ ರೊಟ್ಟಿ ಕಟ್ಟಿಸಿ ತಂದುಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಸಿಮೆಂಟ್ ಅಂಗಡಿಯಲ್ಲಿ ಅಸಲಿ ಸಿಕ್ಕಿತು ಅಂತ ಕೆಲಸ ಮುಗಿದಿರಲಿಲ್ಲ. ನಿಜವಾದ ತಲೆನೋವು ಬೆಳಿಗ್ಗೆಯ ಹನ್ನೊಂದು ಬಿಲ್ಲು. ಹಳೆಯ ನಕಲಿನಲ್ಲಿ ಕೊನೆಯ ನಂಬರ್ 1312 ಇತ್ತಲ್ಲ, ಟ್ಯಾಲಿ ಮುಂದಿನ ಬಿಲ್ಲುಗಳಿಗೆ 1313ರಿಂದ 1323ರ ತನಕ ನಂಬರ್ ಕೊಟ್ಟಿತ್ತು. ಆ ನಂಬರಿನ ಬಿಲ್ಲುಗಳು ಆಗಲೇ ಬೇರೆಯವರ ಹೆಸರಿನಲ್ಲಿ ಹೋಗಿ ಆಗಿದ್ದವು. ಜಿಎಸ್‌ಟಿ ನಿಯಮದಲ್ಲಿ ಒಂದು ಹಣಕಾಸು ವರ್ಷದಲ್ಲಿ ಒಂದು ನಂಬರ್ ಒಮ್ಮೆ ಮಾತ್ರ. ತೆರಿಗೆ ಬೇರೆ ತಪ್ಪು. ಹನ್ನೊಂದರಲ್ಲಿ ಮೂರು ಗುತ್ತಿಗೆದಾರರವು, ಜಿಎಸ್‌ಟಿ ನಂಬರ್ ಇದ್ದವು. ಉಳಿದದ್ದು ಮನೆ ಕಟ್ಟಿಸುವವರದು, ಎರಡು ಚೀಲ, ಐದು ಚೀಲ. ಅಸಲಿ ಲೆಕ್ಕದಲ್ಲಿ 1909ರಿಂದ ಹನ್ನೊಂದು ಬಿಲ್ಲು ಹೊಸದಾಗಿ ಹೊಡೆದೆವು. ಹುಡುಗ ಬೈಕ್ ತೆಗೆದುಕೊಂಡು ಹೊರಟ. ಸೆಕ್ಟರ್ ಸೆಕ್ಟರ್ ತಿರುಗಿ ಹಳೆಯ ಬಿಲ್ಲು ವಾಪಸ್ ಇಸಿದುಕೊಂಡು, ಹೊಸದನ್ನೂ ಹೆಚ್ಚಿಗೆ ತೆಗೆದುಕೊಂಡ ದುಡ್ಡನ್ನೂ ಕೊಟ್ಟು ಬಂದ. ಒಬ್ಬರು ಮಾತ್ರ ಸಿಗಲಿಲ್ಲ, ವಿಳಾಸವೇ ಬರೆಸಿರಲಿಲ್ಲ. ಅವರೇ ನಾಲ್ಕು ದಿನದ ಮೇಲೆ ಸಿಮೆಂಟ್ ಸಾಲದೆ ಮತ್ತೆ ಬಂದರು.

ಲೆಕ್ಕ ನಿಜವಾಗಿ ಹೋಗಿಯೇಬಿಟ್ಟಿದ್ದರೆ? ಸ್ವಲ್ಪ ಮಟ್ಟಿಗೆ ಜಿಎಸ್‌ಟಿ ಪೋರ್ಟಲ್ ಕೈ ಹಿಡಿಯುತ್ತದೆ. ನೋಂದಾಯಿತ ಗಿರಾಕಿಗಳಿಗೆ ಕೊಟ್ಟ ಬಿಲ್ಲುಗಳು ನಾವು ಹಾಕಿದ ಜಿಎಸ್‌ಟಿಆರ್-1ರಲ್ಲಿ ಒಂದೊಂದಾಗಿ ಸಿಗುತ್ತವೆ. ಖರೀದಿಯ ವಿವರ ಪೋರ್ಟಲ್ ತಾನೇ ಮಾಡಿಕೊಡುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಸಿಗುತ್ತದೆ. ಆದರೆ ಚಿಲ್ಲರೆ ಗಿರಾಕಿಗಳದು ಬರೀ ಒಟ್ಟು ಮೊತ್ತ. ಯಾರು ಎಷ್ಟು ಉದ್ರಿ ಒಯ್ದರು ಅಂತ ಪೋರ್ಟಲ್ ಹೇಳುವುದಿಲ್ಲ. ನಮ್ಮ ಕಡೆ ಅಂಗಡಿ ನಿಂತಿರುವುದೇ ಉದ್ರಿ ಮೇಲೆ.

ಕಂಪನಿ ಕಾಣದಿರಲು ಬೇರೆ ಕಾರಣಗಳೂ ಇವೆ. ಲೆಕ್ಕ ಇರುವ ದೊಡ್ಡ ಕಂಪ್ಯೂಟರ್ ಆನ್ ಮಾಡದೆ ಪಕ್ಕದ ಟೇಬಲ್ಲಿನಿಂದ ಹುಡುಕುವವರು ಬಹಳ. ಪೆನ್ ಡ್ರೈವ್ ವೈರಸ್ ಫೋಲ್ಡರನ್ನು ಅಡಗಿಸಿ ಇಟ್ಟಿರುತ್ತದೆ, ಅಡಗಿದ್ದನ್ನೂ ತೋರಿಸು ಅಂತ ಟಿಕ್ ಹಾಕಿದರೆ ಎದ್ದು ಬರುತ್ತದೆ. ಟ್ಯಾಲಿ ವಾಲ್ಟ್, ಅಂದರೆ ಲೆಕ್ಕಕ್ಕೆ ಹಾಕುವ ಪಾಸ್‌ವರ್ಡ್ ಬೀಗ, ಹಾಕಿದ ಕಂಪನಿಯ ಹೆಸರಿನ ಜಾಗದಲ್ಲಿ ಬರೀ ಸ್ಟಾರ್ ಚಿಹ್ನೆಗಳಿರುತ್ತವೆ. ಅದನ್ನು ನೋಡಿ ಲೆಕ್ಕ ಕೆಟ್ಟಿದೆ ಅಂತ ಒಬ್ಬರು ಮುಧೋಳದಿಂದ ಕಂಪ್ಯೂಟರನ್ನೇ ಹೊತ್ತು ತಂದಿದ್ದರು. ಫೈಲುಗಳ ಬಾಲವೇ ಬದಲಾಗಿ, ದುಡ್ಡು ಕೇಳುವ ಚೀಟಿ ಪರದೆ ಮೇಲೆ ಬಂದರೆ ಮಾತ್ರ ನೆಟ್‌ವರ್ಕ್ ಕೇಬಲ್ ಕಿತ್ತು, ನನ್ನಂಥವನನ್ನಲ್ಲ, ಇನ್ನೂ ತಿಳಿದವರನ್ನು ಕರೆಯಬೇಕು.

ಅವತ್ತು ರಾತ್ರಿ ಅಸಲಿ ಫೋಲ್ಡರನ್ನು ಹೊಸ ಡಿಸ್ಕಿಗೆ ತಂದೆ. ಹಳೆಯವುಗಳ ಹೆಸರನ್ನು 'ಹಳೇದು ಮುಟ್ಟಬ್ಯಾಡ್ರಿ' ಅಂತ ಬದಲಿಸಿದೆ. ದಾರಿಯನ್ನು ಹುಡುಗ ರಟ್ಟಿನ ಮೇಲೆ ಬರೆದು ಮಾನಿಟರಿಗೆ ಅಂಟಿಸಿದ. ಜಿಎಸ್‌ಟಿಆರ್-1 ಮರುದಿನ ಮಧ್ಯಾಹ್ನದ ಹೊತ್ತಿಗೆ ಹಾಕಿ ಮುಗಿಸಿದೆವು.

ಹೊಸ ಪೆನ್ ಡ್ರೈವ್‌ನಲ್ಲಿ ಬ್ಯಾಕಪ್ ತೆಗೆದು ಸಾವಕಾರ್ರ ಕೈಗೆ ಕೊಟ್ಟೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಟ್ರಂಕ್ ಇದೆ. ಹಳೇ ಊರಿನಿಂದ ಹೊತ್ತು ತಂದ ಅವರಪ್ಪನ ಕಾಲದ ಕಿರ್ದಿ, ಖಾತೆ ಪುಸ್ತಕ ಅದರಲ್ಲಿವೆ. ಕೆಂಪು ಬಟ್ಟೆ ಬಿಚ್ಚಿ, ಪೆನ್ ಡ್ರೈವನ್ನು ಒಂದು ಕಿರ್ದಿಯ ನಡುವೆ ಇಟ್ಟು, ಮತ್ತೆ ಕಟ್ಟಿ, ಕೀಲಿ ಹಾಕಿದರು. ಕೀಲಿ ಅವರ ಉಡದಾರದಲ್ಲಿದೆ. ಈಗ ಪ್ರತಿ ಶನಿವಾರ ಬ್ಯಾಕಪ್ ತೆಗೆಯುವ ಮೊದಲು ಅವರು ಪೂಜೆ ಮುಗಿಸಿ ಬರುವ ತನಕ ಕಾಯಬೇಕು.