ಆಷಾಢದ ಗಾಳಿಯಲ್ಲಿ ಮಾವು ಒಣಗಿಸಿದ್ದು

ಕೋಲಾರ
6 ಜುಲೈ 2025, ಭಾನುವಾರ

ಬೆಳಗ್ಗೆ ಐದೂವರೆಗೇ ಎದ್ದೆ. ಇವತ್ತು ಪ್ರಥಮ ಏಕಾದಶಿ, ಅಮ್ಮನಿಗೆ ಉಪವಾಸ. ತಿಂಡಿಯ ಗಡಿಬಿಡಿ ಇಲ್ಲದ್ದರಿಂದ ಅಡುಗೆಮನೆ ಪೂರ್ತಿ ನನ್ನ ಪಾಲಿಗೆ ಬಂತು. ಶುಕ್ರವಾರ ಸಂಜೆ ತಮ್ಮ ಶ್ರೀನಿವಾಸಪುರದ ತೋಟದಿಂದ ಒಂದು ಕ್ರೇಟ್ ತೋತಾಪುರಿ ಮಾವು ಕಳಿಸಿದ್ದ, ಮೇಲೊಂದು ಕೈಚೀಲದ ತುಂಬ ಮಲ್ಲಿಕಾ. ಎರಡು ದಿನ ಹುಲ್ಲಿನಲ್ಲಿ ಮುಚ್ಚಿಟ್ಟ ಮೇಲೆ ಇವತ್ತು ಬೆಳಗ್ಗೆ ಬಾಗಿಲು ತೆಗೆದರೆ ಹಜಾರದವರೆಗೂ ಘಮ.

ಈ ಸಲ ತೋತಾಪುರಿ ಬೆಲೆ ಹೇಗೆ ಕುಸಿಯಿತು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಲೆ ಬಿದ್ದಾಗ ಸರ್ಕಾರ ರೈತರ ನೆರವಿಗೆ ಬರೋ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ ಕ್ವಿಂಟಲಿಗೆ 1,616 ರೂಪಾಯಿ ನಿಗದಿಯಾದ ಸುದ್ದಿ ಬಂದದ್ದು ಜೂನ್ ಕೊನೆಯಲ್ಲಿ. ಅಷ್ಟರೊಳಗೆ ತಮ್ಮ ಅರ್ಧ ತೋಟ ಕೀಳಿಸಿಬಿಟ್ಟಿದ್ದ. "ಅಕ್ಕ, ಕಿತ್ತ ಕೂಲಿಗೂ ಗಿಟ್ಟಲಿಲ್ಲ" ಅಂತ ಫೋನಲ್ಲಿ ಹೇಳಿದಾಗ ಏನು ಮಾತಾಡಬೇಕೋ ತೋಚಲಿಲ್ಲ. ಒಂದು ಕ್ರೇಟ್ ಹಣ್ಣು ಒಣಗಿಸಿದರೆ ಅವನ ಸಾಲ ತೀರಲ್ಲ, ಗೊತ್ತು. ಆದರೂ ಅವನು ನೀರು ಹಾಯಿಸಿ, ಹೂವು ಉದುರದಂತೆ ಕಾದು ಬೆಳೆಸಿದ ಹಣ್ಣು ನನ್ನ ಮನೆಗೆ ಬಂದು ಕೊಳೆಯೋದು ಬೇಡ ಅನ್ನಿಸಿತು.

ನಾವು ಚಿಕ್ಕವರಿದ್ದಾಗ ಇದೆಲ್ಲ ಮಾಳಿಗೆ ಮೇಲಿನ ಕೆಲಸ. ಮೇ ತಿಂಗಳ ಬಿಸಿಲಲ್ಲಿ ಈಚಲು ಚಾಪೆ ಹಾಸಿ, ಅದರ ಮೇಲೆ ತಾತನ ಹಳೇ ಪಂಚೆ ಬಿಗಿಯಾಗಿ ಎಳೆದು, ಹಣ್ಣಿನ ರಸ ಬಳಿಯೋರು. ಮಾರನೇ ದಿನ ಒಣಗಿದ್ದರ ಮೇಲೆ ಇನ್ನೊಂದು ಪದರ, ಅದರ ಮಾರನೇ ದಿನ ಮತ್ತೊಂದು. ತಾಂಡ್ರ ಅಂತಲೇ ನಮ್ಮ ಮನೆಯಲ್ಲಿ ಹೆಸರು. ಆಂಧ್ರದ ಗಡಿ ಅಷ್ಟು ಹತ್ತಿರ, ಮಾತು ಅಲ್ಲಿಂದಲೇ ಬಂದಿದೆ. ಕಾಗೆ ಓಡಿಸೋಕೆ ಒಂದು ಕೋಲು ಹಿಡಿದು ನಾನೂ ತಮ್ಮನೂ ಸರದಿಯಲ್ಲಿ ಕೂರುತ್ತಿದ್ದೆವು. ಆದರೆ ನಮ್ಮ ಜಿಲ್ಲೆಯಲ್ಲಿ ತೋತಾಪುರಿ ಹಣ್ಣಾಗೋದು ತಡ. ಅದು ಕೈಗೆ ಬರೋ ಹೊತ್ತಿಗೆ ಆಷಾಢದ ಗಾಳಿ ಶುರು. ಈಗ ನೋಡಿ, ಅಂತರಗಂಗೆ ಬೆಟ್ಟದ ಮೇಲೆ ಮೋಡ ಕೂತು ನಾಲ್ಕು ದಿನವಾಯಿತು, ಮಾಳಿಗೆ ಮೇಲೆ ಬಟ್ಟೆಯೇ ಒಣಗ್ತಿಲ್ಲ, ಒಣಗಿದರೂ ಮಣ್ಣು ಮೆತ್ತಿಕೊಂಡು ಬರುತ್ತೆ. ಹಾಗಾಗಿ ಓವನ್.

ಓವನ್ನಲ್ಲಿ ಇದು ನನ್ನ ಎರಡನೇ ಸಲ. ಜೂನ್ ಮೊದಲ ವಾರ ಮಾಡಿದ್ದು ಪೂರ್ತಿ ಹಾಳಾಯಿತು, ಅದನ್ನ ಇಲ್ಲಿ ಬರೆದಿಡಲೇಬೇಕು. ನಮ್ಮ ಓಟಿಜಿಯ (ಮೇಜಿನ ಮೇಲಿಡೋ ಪುಟ್ಟ ಕರೆಂಟ್ ಓವನ್) ಗುಂಡಿಯಲ್ಲಿ ಕಡಿಮೆ ಅಂದರೆ 100 ಡಿಗ್ರಿ ಅಂತ ಬರೆದಿದೆ. ಅಷ್ಟಕ್ಕೇ ಇಟ್ಟು, ಬಾಗಿಲು ಮುಚ್ಚಿ, ಮೂರು ಗಂಟೆ ಬಿಟ್ಟೆ. ಅಂಚು ಕಂದಾಗಿ, ಮೇಲ್ಮೈ ಗರಿಗರಿ ಆಗಿತ್ತು. ಆಯಿತು ಅಂದುಕೊಂಡು ಇನ್ನೂ ಬೆಚ್ಚಗಿದ್ದಾಗಲೇ ಡಬ್ಬಿಗೆ ತುಂಬಿದೆ. ಆರನೇ ದಿನ ಮುಚ್ಚಳ ತೆಗೆದರೆ ಹತ್ತಿಯಂತೆ ಬಿಳಿ ಬೂಸ್ಟು. ಒಂದು ಚೂರು ಮುರಿದು ನೋಡಿದೆ: ಹೊರಗೆ ಚರ್ಮದಂಥ ಪೊರೆ, ಒಳಗೆ ಹಸಿ ತಿರುಳು ಹಾಗೇ ಇತ್ತು. ಮೊದಲೇ ಜೋರು ಬಿಸಿ ತಗುಲಿದರೆ ಮೇಲಿನ ಪದರ ಬೇಗ ಗಟ್ಟಿಯಾಗಿ ಬಿಡುತ್ತೆ, ಆಮೇಲೆ ಒಳಗಿನ ನೀರಿಗೆ ಹೊರಗೆ ಬರೋಕೆ ದಾರಿಯೇ ಇರಲ್ಲ. ಮಾಗಿದ ಮಾವಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ನೀರೇ. ಅದನ್ನ ಮೆಲ್ಲಗೆ ಹೊರಗೆ ಕಳಿಸಬೇಕು, ನಾನು ಬೇಯಿಸಿಬಿಟ್ಟಿದ್ದೆ.

ಈ ಮಾತು ಅಮ್ಮನಿಗೆ ಹೇಳಿದಾಗ ಅವಳು ಸಲೀಸಾಗಿ ಅಂದಳು: "ಬಿಸ್ಲು ಒಂದೇ ಸಲ ನೆತ್ತಿಗೆ ಬರ್ತದೇನೇ? ಬೆಳಗ್ಗೆ ಎಳೆ ಬಿಸ್ಲು, ಮಧ್ಯಾಹ್ನ ಸುಡು ಬಿಸ್ಲು. ಅದೂ ಅಲ್ದೆ ಮಾಳಿಗೆ ಮೇಲೆ ಗಾಳಿ ಇರ್ತದೆ. ನಿನ್ನ ಡಬ್ಬಿಯಾಗೆ ಗಾಳಿ ಎಲ್ಲೈತೆ?"

ಇವತ್ತಿನ ಕೆಲಸವೆಲ್ಲ ಈ ಮಾತಿನ ಮೇಲೆಯೇ ನಡೆಯಿತು. ಗುಂಡಿಯನ್ನ 100ರ ಗೆರೆಗಿಂತ ಹಿಂದಕ್ಕೆ ತಿರುಗಿಸಿ, ಕೆಳಗಿನ ಕಾಯಿಲ್ ಮಾತ್ರ ಹಾಕಿ, ಒಳಗೊಂದು ಓವನ್ ಥರ್ಮಾಮೀಟರ್ ಇಟ್ಟೆ. ಬಾಗಿಲ ಸಂದಿಗೆ ಮರದ ಸೌಟಿನ ಹಿಡಿ ಸಿಕ್ಕಿಸಿ ಎರಡು ಬೆರಳಗಲ ತೆರೆದಿಟ್ಟೆ. ನಮ್ಮದರಲ್ಲಿ ಒಳಗೆ ಫ್ಯಾನ್ ಇಲ್ಲ, ಅದಕ್ಕೆ ಪುಟ್ಟ ಟೇಬಲ್ ಫ್ಯಾನನ್ನ ಪಕ್ಕದಿಂದ ಆ ಸಂದಿಯ ಕಡೆಗೆ ತಿರುಗಿಸಿದೆ. ಮುಳ್ಳು ಒಮ್ಮೆ 55ಕ್ಕೆ ಇಳಿದು ಒಮ್ಮೆ 65ಕ್ಕೆ ಏರಿ, ಹೆಚ್ಚು ಕಡಿಮೆ 60ರ ಸುತ್ತಲೇ ನಿಂತಿತು. ಅಷ್ಟು ಸಾಕು. ತೆರೆದ ಓವನ್ ಮುಂದೆ ಮಗಳು ಓಡಾಡಬಾರದು ಅಂತ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆ, ಅವಳು ದಿನವಿಡೀ ಅದರ ಆಚೆಯೇ ಕೂತು ಇಣುಕಿದಳು. ಹೀಗೆ ಬಾಗಿಲು ತೆರೆದು ಮಾಡುವಾಗ ಮನೆ ಬಿಟ್ಟು ಹೊರಗೆ ಹೋಗೋ ಹಾಗಿಲ್ಲ. ಭಾನುವಾರ ಆರಿಸಿಕೊಂಡದ್ದೇ ಅದಕ್ಕೆ.

ಒಣಗಿಸೋಕೆ ತೋತಾಪುರಿಯಷ್ಟು ಒಳ್ಳೆ ಜಾತಿ ಇಲ್ಲ ಅಂತ ನನಗೆ ಖಾತ್ರಿಯಾಗಿದೆ. ಹಣ್ಣು ತಿನ್ನುವಾಗ ಎಲ್ಲರೂ ಬಾದಾಮಿ, ರಸಪುರಿ ಅಂತ ಹುಡುಕುತ್ತಾರೆ, ಗಿಣಿಮೂತಿಯ ತೋತಾಪುರಿಯನ್ನ ಜ್ಯೂಸ್ ಕಾರ್ಖಾನೆಗೆ ಅಂತ ಬದಿಗಿಡ್ತಾರೆ. ಆದರೆ ಚಾಕು ಇಟ್ಟು ನೋಡಿ. ಪೂರ್ತಿ ಹಣ್ಣಾಗಿದ್ದರೂ ತಿರುಳು ಕೈಯಲ್ಲಿ ಕುಸಿಯಲ್ಲ. ಮೂತಿಯ ಕಡೆಯಿಂದ ಉದ್ದಕ್ಕೆ ಕೊಯ್ದರೆ ಓಟೆಯ ಎರಡೂ ಬದಿಗೆ ಅಗಲವಾದ ಹೋಳು ಬರುತ್ತೆ, ಅದನ್ನ ಬಿಲ್ಲೆಯಾಗಿ ಹೆಚ್ಚಿದರೆ ಅಂಚು ಚೂಪಾಗಿ ನಿಲ್ಲುತ್ತೆ, ರಸ ಹಲಗೆ ಮೇಲೆ ಹರಿಯಲ್ಲ. ನಾರೂ ಕಡಿಮೆ. ಸಿಹಿಯ ಹಿಂದೆ ಒಂದೆಳೆ ಹುಳಿ ಇರೋದರಿಂದ ಒಣಗಿದ ಮೇಲೂ ರುಚಿ ಮಂಕಾಗಲ್ಲ. ಅರ್ಧ ಸೆಂಟಿಮೀಟರಿಗಿಂತ ಕೂದಲೆಳೆ ದಪ್ಪ ಇಟ್ಟುಕೊಂಡೆ. ಎಲ್ಲ ಬಿಲ್ಲೆಯೂ ಒಂದೇ ದಪ್ಪ ಇರಬೇಕು, ಇಲ್ಲದಿದ್ದರೆ ತೆಳ್ಳಗಿನದು ಕಡ್ಡಿಯಾಗುತ್ತೆ, ದಪ್ಪನೆಯದು ಹಸಿಯಾಗೇ ಉಳಿಯುತ್ತೆ. ಎರಡು ನಿಂಬೆಹಣ್ಣು ಹಿಂಡಿದ ನೀರಲ್ಲಿ ಹತ್ತು ನಿಮಿಷ ನೆನೆಸಿ, ಬಟ್ಟೆ ಮೇಲೆ ಹರಡಿ ನೀರು ಒರೆಸಿ, ಸ್ಟೀಲ್ ಬಲೆಯ ಮೇಲೆ ಒಂದಕ್ಕೊಂದು ತಾಗದಂತೆ ಜೋಡಿಸಿದೆ. ಸಕ್ಕರೆ ಹಾಕಲಿಲ್ಲ.

ಆರೂಮುಕ್ಕಾಲಿಗೆ ಒಳಗಿಟ್ಟೆ. ಮೊದಲ ಒಂದು ಗಂಟೆ ಏನೂ ಆಗ್ತಿಲ್ಲ ಅನ್ನಿಸುತ್ತೆ, ಬಾಗಿಲ ಗಾಜಿನ ಮೇಲಂಚಲ್ಲಿ ಮಂಜು ಮಾತ್ರ. ಎರಡು ಗಂಟೆ ಹೊತ್ತಿಗೆ ಬಿಲ್ಲೆಗಳ ಹೊಳಪು ಹೋಗಿ ಮೈ ಬಾಡಿತು. ಹತ್ತಕ್ಕೆ ಒಂದೊಂದನ್ನೂ ಬೆರಳಲ್ಲೇ ಎತ್ತಿ ಮಗುಚಿದೆ, ಮೇಲಿನ ಬಲೆ ಕೆಳಗೆ, ಕೆಳಗಿನದು ಮೇಲೆ ಮಾಡಿದೆ. ಹನ್ನೊಂದಕ್ಕೆ ಕರೆಂಟ್ ಹೋಯಿತು, ಇಪ್ಪತ್ತು ನಿಮಿಷಕ್ಕೆ ಬಂತು. ಆ ಹೊತ್ತಿನಲ್ಲಿ ಬಾಗಿಲು ಮುಚ್ಚಲಿಲ್ಲ, ಪೂರ್ತಿ ತೆರೆದೆ. ಮುಚ್ಚಿದ್ದರೆ ಒಳಗಿನ ಹಬೆಯೆಲ್ಲ ಹಣ್ಣಿನ ಮೇಲೇ ಕೂರುತ್ತಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಒಂದು ಬಿಲ್ಲೆ ತೆಗೆದು ಪೂರ್ತಿ ಆರಲು ಬಿಟ್ಟೆ. ಬಿಸಿಯಲ್ಲಿ ಯಾವ ಹಣ್ಣೂ ಮೆತ್ತಗೇ ಇರುತ್ತೆ, ಆರಿದ ಮೇಲೆಯೇ ನಿಜ ತಿಳಿಯೋದು. ಮಡಿಸಿದೆ, ಮುರಿಯದೆ ಬಾಗಿತು. ಹರಿದು ಹರಿದ ಜಾಗವನ್ನ ಒತ್ತಿದೆ. ಒಂದು ಸಣ್ಣ ಹನಿಯೂ ಮೂಡಲಿಲ್ಲ.

ಲೆಕ್ಕ: ಸಿಪ್ಪೆ, ಓಟೆ ತೆಗೆದು ಒಳಗಿಟ್ಟದ್ದು 2 ಕೆ.ಜಿ. 100 ಗ್ರಾಂ. ಹೊರಗೆ ಬಂದದ್ದು 430 ಗ್ರಾಂ. ಮೀಟರ್ ನೋಡಿಕೊಂಡಿದ್ದೆ, ನಾಲ್ಕು ಯೂನಿಟ್ ಚಿಲ್ಲರೆ. ಬಣ್ಣ ಅಂಗಡಿಯದರಂತೆ ಥಳಥಳ ಹಳದಿ ಬರಲ್ಲ, ತಾಮ್ರದ ಬಣ್ಣಕ್ಕೆ ತಿರುಗುತ್ತೆ. ಅಂಗಡಿಯ ಹೊಳೆಯೋ ಹಳದಿ ಬಹುಪಾಲು ಬಣ್ಣ ಕೆಡದಂತೆ ಹಾಕೋ ಸಲ್ಫೈಟ್ ಅನ್ನೋ ರಾಸಾಯನಿಕದಿಂದ ಬರೋದು, ಮೇಲೆ ಸಕ್ಕರೆ ಪಾಕದಲ್ಲೂ ನೆನೆಸಿರ್ತಾರೆ. ನನಗೆ ಈ ತಾಮ್ರವೇ ಇಷ್ಟ. ಒಂದು ಮಾತು ಮಾತ್ರ ಮನೆಯವರಿಗೆಲ್ಲ ಹೇಳಿಟ್ಟಿದ್ದೀನಿ: ನೀರು ಹೋಗಿದೆ, ಸಿಹಿ ಎಲ್ಲೂ ಹೋಗಿಲ್ಲ. ಅಪ್ಪನಿಗೆ ಶುಗರ್ ಇದೆ. ಒಂದಿಡೀ ಹಣ್ಣಿನ ಸಕ್ಕರೆ ಒಂದು ಹಿಡಿಯೊಳಗೆ ಕೂತಿರೋದರಿಂದ ಅವರ ಕೈಗೆ ಎರಡೇ ಚೂರು.

ಮಲ್ಲಿಕಾ ತುಂಬ ಮೆತ್ತಗಾಗಿತ್ತು, ಬಿಲ್ಲೆ ನಿಲ್ಲಲಿಲ್ಲ. ಅದನ್ನ ರುಬ್ಬಿ, ಸೋಸಿ, ಸ್ವಲ್ಪ ಬೆಲ್ಲ ಮತ್ತು ನಿಂಬೆರಸ ಹಾಕಿ ಒಂದು ಕುದಿ ಬರಿಸಿ, ಬಟರ್ ಪೇಪರ್ ಹಾಸಿದ ತಟ್ಟೆಗೆ ದೋಸೆ ದಪ್ಪ ಹರಡಿದೆ. ನಡು ಭಾಗ ಯಾವಾಗಲೂ ಕೊನೆಗೆ ಒಣಗುತ್ತೆ, ಅದಕ್ಕೆ ಅಂಚಿಗಿಂತ ನಡುವೆ ತೆಳ್ಳಗಿರಬೇಕು. ಈ ಉಪಾಯ ಅಮ್ಮನದು. ಮೂರೂವರೆಗೆ ಇಟ್ಟದ್ದು ರಾತ್ರಿ ಒಂಬತ್ತೂವರೆಗೆ ಆಯಿತು. ನಡುವೆ ಬೆರಳು ಒತ್ತಿದರೆ ಗುರುತು ಉಳಿಯಲಿಲ್ಲ. ಇನ್ನೂ ಬೆಚ್ಚಗಿರುವಾಗ ಪೇಪರಿನಿಂದ ಬಿಡಿಸಿದರೆ ಸುಲಭವಾಗಿ ಬರುತ್ತೆ. ಇಡೀ ಹಾಳೆಯನ್ನ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದೆ, ಆಚೆ ನಿಂತಿದ್ದ ಮಗಳ ನೆರಳು ಕೆಂಪಗೆ ಕಂಡಿತು.

ಅಮ್ಮ ಉಪವಾಸದಲ್ಲಿದ್ದರೂ ಹಣ್ಣಿಗೆ ಅಡ್ಡಿಯಿಲ್ಲ. ಒಂದು ತುಂಡು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಸುಮ್ಮನಿದ್ದಳು. "ಪಂಚೆ ವಾಸನೆ ಒಂದಿಲ್ಲ, ನೋಡು" ಅಂದಳು ಆಮೇಲೆ. ಇನ್ನೊಂದು ತುಂಡು ಕೇಳಿ ಇಸಕೊಂಡಳು.

ಬೇರೆ ಹಣ್ಣಿನ ಮಾತು ಚುಟುಕಾಗಿ ಬರೆದಿಡುತ್ತೇನೆ. ಸಪೋಟ ಚೆನ್ನಾಗಿ ಒಣಗುತ್ತೆ, ಖರ್ಜೂರದ ಹತ್ತಿರಕ್ಕೆ ಬರೋ ರುಚಿ. ಏಲಕ್ಕಿ ಬಾಳೆ ಕೂಡ ಪರವಾಗಿಲ್ಲ. ದ್ರಾಕ್ಷಿಯನ್ನ ಮಾತ್ರ ಮನೆ ಓವನ್ನಲ್ಲಿ ಮಾಡಬೇಡಿ ಅಂತಲೇ ಹೇಳ್ತೀನಿ. ಅದರ ಸಿಪ್ಪೆಗೆ ಮೇಣದ ಪೊರೆ ಇರುತ್ತೆ, ಕುದಿಯೋ ನೀರಲ್ಲಿ ಅರ್ಧ ನಿಮಿಷ ಅದ್ದಿ ಬಿರಿಸಿದರೂ ಒಂದಿಡೀ ದಿನ ಓವನ್ ಉರಿಯಬೇಕು. ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಬೆಳೆಯೋ ಬೆಂಗಳೂರು ನೀಲಿಯಲ್ಲೂ ದಿಲ್‌ಖುಷ್‌ನಲ್ಲೂ ಬೀಜ ಬೇರೆ. ಒಣದ್ರಾಕ್ಷಿ ಬೇಕಿದ್ದರೆ ವಿಜಯಪುರದವರು ನೆರಳಲ್ಲಿ ಒಣಗಿಸಿ ಕಳಿಸೋದನ್ನ ಕೊಳ್ಳೋದೇ ಸರಿ. ತುಮಕೂರಿನ ಚೇಳೂರು ಕಡೆಯ ಕೆಂಪು ತೊಳೆಯ ಸಿದ್ದು ಹಲಸು ಸಿಕ್ಕರೆ ಅದನ್ನೊಮ್ಮೆ ಒಣಗಿಸಿ ನೋಡಬೇಕು ಅಂತ ಆಸೆಯಿದೆ.

ಒಣಗಿದ ಬಿಲ್ಲೆಗಳನ್ನ ಗಾಜಿನ ಜಾಡಿಗೆ ಮುಕ್ಕಾಲಿಗಿಂತ ಕಡಿಮೆ ತುಂಬಿ ಮುಚ್ಚಳ ಹಾಕಿದ್ದೀನಿ. ಇನ್ನು ಒಂದು ವಾರ ದಿನಕ್ಕೊಂದು ಸಲ ಕುಲುಕಬೇಕು. ಒಂದೆರಡು ಬಿಲ್ಲೆಯಲ್ಲಿ ಚೂರು ಪಸೆ ಉಳಿದಿದ್ದರೆ ಅದು ಎಲ್ಲದಕ್ಕೂ ಸಮನಾಗಿ ಹಂಚಿಕೊಳ್ಳುತ್ತೆ. ಗಾಜು ಬೆವರಿದರೆ ಮತ್ತೆ ಓವನ್ನಿಗೆ. ಕಳೆದ ಸಲ ಈ ಒಂದು ವಾರ ನಾನು ಕಾದಿರಲೇ ಇಲ್ಲ. ತಮ್ಮನಿಗೆ ಕೊಡೋದು ಈ ಜಾಡಿಯಿಂದಲೇ, ಆದ್ದರಿಂದ ಮುಂದಿನ ಭಾನುವಾರದವರೆಗೆ ಯಾರೂ ಮುಟ್ಟೋ ಹಾಗಿಲ್ಲ.

ಈಗ ಹತ್ತೂವರೆ. ಹೊರಗೆ ಗಾಳಿ ಇನ್ನೂ ನಿಂತಿಲ್ಲ. ಮಲಗೋ ಮುಂಚೆ ಟಾರ್ಚ್ ಹಿಡಿದು ಜಾಡಿಯನ್ನ ಸುತ್ತಲೂ ತಿರುಗಿಸಿ ನೋಡಿದೆ. ಗಾಜು ಒಣಗಿದೆ.