ವರದಿಯಲ್ಲಿ ನಾನು ಮೊದಲು ಹುಡುಕುವ ಪುಟ

ವಿಜ್ಞಾನ ಸಂಸ್ಥೆಗಳ ವಾರ್ಷಿಕ ವರದಿ ಓದುವುದು ನನಗೆ ಇಷ್ಟ. ಹೊಳೆಯುವ ಫೋಟೋ, ನಿರ್ದೇಶಕರ ಸಂದೇಶ ಎಲ್ಲ ಬೇಗ ದಾಟಿಬಿಡುತ್ತೇನೆ. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು, ಮಾಡುತ್ತೇವೆ ಅಂದಿದ್ದರಲ್ಲಿ ಏನು ಆಗಲಿಲ್ಲ? ನಾನು ಹುಡುಕುವುದು ಇದನ್ನೇ.

ಜಿನೀವಾ ಹತ್ತಿರದ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್ (CERN) 2020ರಲ್ಲಿ ತನ್ನ ಮೊದಲ ಸಾರ್ವಜನಿಕ ಪರಿಸರ ವರದಿ ತಂದಿತು. 2018ರಲ್ಲಿ ಅಲ್ಲಿಂದ ನೇರವಾಗಿ ಹೊರಬಿದ್ದ ಹಸಿರುಮನೆ ಅನಿಲ, ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ, ಸುಮಾರು 1,92,000 ಟನ್. ಅದರಲ್ಲಿ ಬಹುಪಾಲು ಬಂದದ್ದು ಡಿಟೆಕ್ಟರ್‌ಗಳಲ್ಲಿ, ಅಂದರೆ ಕಣಗಳನ್ನು ಪತ್ತೆಹಚ್ಚುವ ಯಂತ್ರಗಳಲ್ಲಿ, ಬಳಸುವ ಫ್ಲೋರಿನ್ ಇರುವ ಅನಿಲಗಳಿಂದ. ಹಿಗ್ಸ್ ಬೋಸಾನ್ ಎಂಬ ಮೂಲಕಣವನ್ನು ಹುಡುಕಿಕೊಟ್ಟ ಹೆಮ್ಮೆಯ ಯಂತ್ರಗಳೂ ಇದರಲ್ಲಿ ಸೇರಿವೆ! ಇದನ್ನು ಅವರೇ ಬರೆದಿದ್ದಾರೆ. 2024ರ ಕೊನೆಯೊಳಗೆ 28% ಇಳಿಸುತ್ತೇವೆ ಅಂತ ಗುರಿಯನ್ನೂ ಇಟ್ಟುಕೊಂಡರು. ಗುರಿಗೆ ಅಂಕಿ, ಗಡುವು ಎರಡೂ ಇದ್ದರೆ ಮುಂದಿನ ವರದಿ ಬಂದಾಗ ಯಾರು ಬೇಕಾದರೂ ಪಕ್ಕಪಕ್ಕ ಇಟ್ಟು ನೋಡಬಹುದು. ನನಗೆ ಬಹಳ ಹಿಡಿಸಿದ್ದು ಇದೇ.

ಇಂಥ ಅಂಕಿ ಆಗದವರ ಕೈಗೆ ಸಿಕ್ಕರೆ ಸುಮ್ನೆ ತಲೆನೋವು ಅಂತ ಹೆದರುವವರಿದ್ದಾರೆ. ಆ ಹೆದರಿಕೆ ಸುಳ್ಳಲ್ಲ. ಆದರೆ ನಾವು ಮುಚ್ಚಿಟ್ಟದ್ದನ್ನು ಬೇರೆಯವರು ಕೆದಕಿ ತೆಗೆದಾಗ ಬೀಳುವ ಪೆಟ್ಟು ಇನ್ನೂ ಜಾಸ್ತಿ, ಅಲ್ವಾ?

ಜನರ ದುಡ್ಡಿನಲ್ಲಿ ನಡೆಯುವ ಪ್ರತಿಯೊಂದು ಪ್ರಯೋಗಾಲಯವೂ ಫಲ ಕೊಡದ ಪ್ರಯೋಗ, ತಡವಾದ ಯೋಜನೆ, ವಾಪಸ್ ಪಡೆದ ಸಂಶೋಧನಾ ಲೇಖನ ಇವಕ್ಕೂ ಎರಡು ಪುಟ ಕೊಡಲಿ. ಹೋದ ವರ್ಷದ ಅಂಕಿಯನ್ನು ಈ ವರ್ಷ ತಿದ್ದಿದ್ದರೆ ಯಾಕೆ ಅಂತ ಅಲ್ಲೇ ಕೆಳಗೆ ಬರೆಯಲಿ. ಲೆಕ್ಕ ಪರಿಶೋಧಕರ ಆಕ್ಷೇಪಣೆಯನ್ನು ಮಾತ್ರ ದಯವಿಟ್ಟು ಕೊನೆಯ ಅನುಬಂಧದ ಸಣ್ಣ ಅಕ್ಷರಗಳಲ್ಲಿ ಬಚ್ಚಿಡಬೇಡಿ.