ಬೆನ್ನ ಮೇಲೆ ಮೂರು ಸಾವಿರ ಗುಂಡು, ತೂಕ ಮುಕ್ಕಾಲು ಕಿಲೋ

"ಎಂತದೋ ಅದು ಬೆನ್ನಿಗೆ? ಔಷಧಿ ಹೊಡೆಯೋ ಕೆಲಸಕ್ಕೆ ಸೇರಿದ್ಯಾ?"

ಹೋದ ತಿಂಗಳು ವಿಡಿಯೋ ಕಾಲ್‌ನಲ್ಲಿ ನನ್ನ ಅವತಾರ ನೋಡಿ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಅವರು ತೀರ್ಥಹಳ್ಳಿಯ ಮನೆ ಜಗುಲಿಯಲ್ಲಿದ್ದರು. ನಾನು ಇಂಗ್ಲೆಂಡಿನ ಡರ್ಬಿ ಹತ್ತಿರ ಒಂದು ಕಾಡಿನ ಅಂಚಿನಲ್ಲಿ, ಕಾರಿನ ಡಿಕ್ಕಿ ತೆರೆದುಕೊಂಡು ನಿಂತಿದ್ದೆ. ಮೈಮೇಲೆ ಹಸಿರು ಬಟ್ಟೆ, ಬೆನ್ನಿಗೆ ಅಲ್ಯೂಮಿನಿಯಂ ಚೌಕಟ್ಟು, ಅದರ ಮೇಲೊಂದು ಡಬ್ಬ, ಡಬ್ಬದಿಂದ ಬಲಗೈ ಕಡೆಗೆ ಇಳಿದ ಕೊಳವೆ. ಕೊಳವೆಯ ತುದಿಯಲ್ಲಿದ್ದ ಬಂದೂಕು ಕ್ಯಾಮೆರಾದಲ್ಲಿ ಕಾಣುತ್ತಿರಲಿಲ್ಲ. ಅಷ್ಟು ಬಿಟ್ಟರೆ ಸಾಕ್ಷಾತ್ ಔಷಧಿ ಪಂಪೇ.

ಇದು ಏರ್‌ಸಾಫ್ಟ್ ಅನ್ನೋ ಆಟ. ನೋಡೋಕೆ ಥೇಟ್ ಮಿಲಿಟರಿ ಬಂದೂಕು, ಒಳಗೆ ಬ್ಯಾಟರಿ, ಮೋಟಾರು, ಸ್ಪ್ರಿಂಗು. ಹಾರೋದು 6 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಗುಂಡು. ಜಪಾನಿನಲ್ಲಿ ಶುರುವಾದ ಆಟ. ಟೋಕಿಯೋ ಮಾರುಯಿ ಕಂಪನಿ 1991ರಲ್ಲಿ ತಂದ ಮೋಟಾರು ಬಂದೂಕಿನಿಂದ ಇದರ ರೂಪವೇ ಬದಲಾಯಿತು. ಇಲ್ಲಿ ಇಂಗ್ಲೆಂಡಿನಲ್ಲಿ ಕಾನೂನು ಸಾಕಷ್ಟು ಬಿಗಿ. ಒಂದೇ ಸಮನೆ ಗುಂಡು ಹಾರಿಸುವ ಬಂದೂಕಾದರೆ, ಹೊರಬರುವ ಗುಂಡಿನ ಶಕ್ತಿಗೆ 1.3 ಜೂಲ್ ಮಿತಿ. ಅಸಲಿಯಂತೆ ಕಾಣುವ ಬಂದೂಕು ಕೊಳ್ಳಲು ನೀನು ನಿಜವಾದ ಆಟಗಾರ ಅಂತ ತೋರಿಸಬೇಕು. ಅದಕ್ಕೆ ಸಾಮಾನ್ಯವಾಗಿ ಎರಡು ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ ಕನಿಷ್ಠ ಮೂರು ಆಟ ಆಡಿ ಹೆಸರು ನೋಂದಾಯಿಸಿಕೊಳ್ಳುತ್ತಾರೆ. ಅಲ್ಲಿಯವರೆಗೆ ನನ್ನ ಕೈಯಲ್ಲಿ ಇದ್ದದ್ದು ಕಣ್ಣಿಗೆ ಹೊಡೆಯುವ ನೀಲಿ ಬಣ್ಣದ ಬಂದೂಕು, ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸ್ತಾರಲ್ಲ, ಹಂಗೆ.

ಆಟದಲ್ಲಿ ನನ್ನ ಪಾತ್ರ ಸಪೋರ್ಟ್ ಗನ್ನರ್. ಅಂದರೆ ದೊಡ್ಡ ಮೆಷಿನ್ ಗನ್ ಹಿಡಿದು, ಎದುರು ತಂಡದವರು ತಲೆ ಎತ್ತದ ಹಾಗೆ ಗುಂಡು ಸುರಿಸುತ್ತಿರುವುದು. ಅಷ್ಟರಲ್ಲಿ ನಮ್ಮವರು ಪಕ್ಕದಿಂದ ಸುತ್ತಿಕೊಂಡು ಹೋಗಬೇಕು. ನನ್ನದು ಅಮೆರಿಕ ಸೇನೆಯ ಎಂ249 ಮೆಷಿನ್ ಗನ್ನಿನ ನಕಲು, ಸೆಕೆಂಡಿಗೆ ಹದಿನೈದು ಗುಂಡು ಹಾರಿಸುತ್ತದೆ. ಬಂದೂಕಿನ ಕೆಳಗೆ ನೇತಾಡುವ ಡಬ್ಬದಲ್ಲಿ ಎರಡೂವರೆ ಸಾವಿರ ಹಿಡಿಯುತ್ತದೆ. ಲೆಕ್ಕ ಹಾಕಿ, ಬೆರಳು ಎತ್ತದಿದ್ದರೆ ಮೂರು ನಿಮಿಷ ಬರುವುದಿಲ್ಲ. ಜೊತೆಗೆ ಆ ಡಬ್ಬ ಮೊಣಕಾಲಿಗೆ ಬಡಿಯುತ್ತಲೇ ಇರುತ್ತದೆ. ಇದನ್ನು ಬೆನ್ನಿಗೆ ಹಾಕಿಕೊಂಡರೆ ಹೇಗೆ ಅನ್ನೋ ಹುಳ ತಲೆಗೆ ಹೊಕ್ಕಿದ್ದು ಆಗ.

ಹುಳ ನನ್ನದಲ್ಲ. ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕದ ಅಯೋವಾ ನ್ಯಾಷನಲ್ ಗಾರ್ಡ್‌ನ ವಿನ್ಸೆಂಟ್ ವಿಂಕೌಸ್ಕಿ ಎಂಬ ಸಾರ್ಜೆಂಟ್ ಇದನ್ನು ಮಾಡಿದ್ದ. ಎರಡು ಗುಂಡಿನ ಡಬ್ಬಗಳನ್ನು ಒಂದರ ಮೇಲೊಂದು ಬೆಸುಗೆ ಹಾಕಿ, ಸೈನಿಕರು ಬೆನ್ನಿಗೆ ಹಾಕುವ ಹಳೆಯ ಆಲಿಸ್ ಬ್ಯಾಗಿನ ಚೌಕಟ್ಟಿಗೆ ಕಟ್ಟಿದ. ವಾಹನದ ಮೇಲಿನ ರಿಮೋಟ್ ಗನ್ನಿಗೆ ಗುಂಡು ಸಾಗಿಸುವ ಬಾಗುವ ಲೋಹದ ಚ್ಯೂಟ್ ತಂದು ಜೋಡಿಸಿದ. ಗುಂಡಿನ ಸರ ಬೆನ್ನಿನಿಂದ ನೇರವಾಗಿ ಬಂದೂಕಿಗೆ. ಮ್ಯಾಸಚೂಸೆಟ್ಸ್‌ನ ನೇಟಿಕ್‌ನಲ್ಲಿರುವ ಸೇನೆಯ ಸಂಶೋಧನಾ ಕೇಂದ್ರ 2011ರಲ್ಲಿ ಅದನ್ನು ನೋಡಿ, 48 ದಿನದಲ್ಲಿ ತನ್ನದೊಂದು ಮಾದರಿ ಮಾಡಿ ಕಳಿಸಿತು. 'ಐರನ್‌ಮ್ಯಾನ್' ಅಂತ ಹೆಸರು. 500 ಗುಂಡು ಹಿಡಿಯುತ್ತದೆ. ಅದರ 7.62 ಮಿಲಿಮೀಟರ್ ಗುಂಡು ಒಂದೊಂದೂ ಸುಮಾರು 24 ಗ್ರಾಂ, ಅಂದರೆ ಗುಂಡೇ ಹನ್ನೆರಡು ಕಿಲೋ. ನಮ್ಮ ಮನೆಯ 16 ಲೀಟರ್ ಪಂಪನ್ನು ಮುಕ್ಕಾಲು ತುಂಬಿಸಿ ಹೊತ್ತ ಹಾಗೆ.

ಅವರ ತೊಂದರೆ ತೂಕ. ನನ್ನ ಗುಂಡಿಗೋ ತೂಕವೇ ಇಲ್ಲ. ಕಾಲು ಗ್ರಾಂನದು ಮೂರು ಸಾವಿರ ತುಂಬಿದರೂ ಮುಕ್ಕಾಲು ಕಿಲೋ. ಹಾಗಾದರೆ ನನ್ನ ಕೆಲಸ ಸಲೀಸು ಅಂದುಕೊಂಡೆ. ಪೆದ್ದ!

ಅಸಲಿ ಗುಂಡುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಬಂದೂಕು ಒಂದನ್ನು ಎಳೆದರೆ ಹಿಂದಿನದು ತಾನೇ ಬರುತ್ತದೆ, ಹೂವಿನ ಮಾಲೆ ಎಳೆದ ಹಾಗೆ. ನನ್ನವು ದಾರವಿಲ್ಲದ ಮಣಿಗಳು. ಎಳೆದರೆ ಬರುವುದಿಲ್ಲ, ಹಿಂದಿನಿಂದ ನೂಕಬೇಕು. ಡಬ್ಬವನ್ನು ಭುಜದ ಎತ್ತರಕ್ಕೆ ಕಟ್ಟಿ, ತಾವೇ ಉರುಳಿ ಬರಲಿ ಅಂತ ಬಿಟ್ಟೆ. ನಿಂತಾಗ ಚೆನ್ನಾಗಿಯೇ ಬಂದವು. ಗುಂಡು ತಪ್ಪಿಸಿಕೊಳ್ಳಲು ಬೋರಲು ಮಲಗಿದೆ ನೋಡಿ, ನಿಂತೇ ಹೋದವು. ಮೆಷಿನ್ ಗನ್ ಹಿಡಿದವನು ಆಟದಲ್ಲಿ ಅರ್ಧ ಹೊತ್ತು ಮಲಗಿಯೇ ಇರುತ್ತಾನೆ.

ಕೊನೆಗೆ ಬಂದೂಕಿನ ಡಬ್ಬವನ್ನೇ ಬಿಚ್ಚಿ, ಅದರೊಳಗಿನ ಮೋಟಾರು ಮತ್ತು ಗುಂಡು ನೂಕುವ ಚಕ್ರವನ್ನು ಬೆನ್ನಿನ ಡಬ್ಬಕ್ಕೆ ಹಾಕಿದೆ. ಮುಂದಿನ ಗೋಳು ಕೊಳವೆಯದು. ಅಂಗಡಿಯಲ್ಲಿ ಸಿಕ್ಕ 8 ಮಿಲಿಮೀಟರ್ ಒಳಅಳತೆಯ ಪೈಪು ಹಾಕಿದ್ದೆ. ಸ್ವಲ್ಪ ಜಾಗ ಜಾಸ್ತಿ ಇದ್ದರೆ ಒಳ್ಳೆಯದಲ್ವಾ ಅಂತ. ಗುಂಡುಗಳು ಸಾಲು ತಪ್ಪಿ ಅಂಕುಡೊಂಕಾಗಿ ಕೂತು, ನೂಕಿದಷ್ಟೂ ಪೈಪಿನ ಗೋಡೆಗೆ ಒತ್ತಿಕೊಂಡು ಬಿಗಿಯಾದವು. ಆರಕ್ಕಿಂತ ಕೂದಲೆಳೆ ದೊಡ್ಡದು ಸಿಕ್ಕ ಮೇಲೆ ಸರಿಹೋಯಿತು. ಹೊರಗೆ ಚ್ಯೂಟ್ ಕೇವಲ ತೋರಿಕೆಗೆ, ಅದರೊಳಗೆ ಈ ಪೈಪು. ಬಗ್ಗಿಸುವ ತಿರುವು ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೆಯದು. ಮೊಣಕೈ ಹತ್ತಿರ ಮಡಚಿಕೊಂಡರೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಇದು ಪಂಪಿನ ಪೈಪು ಹಿಡಿದವರಿಗೆ ಹೊಸದೇನಲ್ಲ.

ಮೋಟಾರು ತಿರುಗಲು ಮೊದಲು ಸದ್ದಿನ ಸ್ವಿಚ್ ಇತ್ತು. ಬಂದೂಕಿನ ಸದ್ದು ಕೇಳಿದರೆ ತಾನೇ ಶುರುವಾಗುತ್ತದೆ. ಆದರೆ ಅದಕ್ಕೆ ನನ್ನ ಬಂದೂಕು, ಪಕ್ಕದವನ ಬಂದೂಕು ಅಂತ ಭೇದವಿಲ್ಲ. ಪೊದೆಯಲ್ಲಿ ಉಸಿರು ಬಿಗಿಹಿಡಿದು ಕೂತಾಗ ದೂರದಲ್ಲಿ ಯಾರೋ ಪಟಾಕಿ ಸಿಡಿಸಿದರು, ನನ್ನ ಬೆನ್ನು ಗುರ್ ಅಂತು. ಎದುರಿನವನು ನಗುತ್ತಲೇ ಹೊಡೆದ. ಕೈ ಎತ್ತಿ "ಹಿಟ್" ಅಂತ ಕೂಗಿ ಹೊರಬಂದೆ. ಈ ಆಟದಲ್ಲಿ ಗುಂಡು ಬಿದ್ದದ್ದನ್ನು ಬಿದ್ದವನೇ ಒಪ್ಪಿಕೊಳ್ಳಬೇಕು. ಈಗ ಹಿಡಿಯಲ್ಲೊಂದು ಒತ್ತುವ ಗುಂಡಿ ಇಟ್ಟಿದ್ದೇನೆ.

ಆಮೇಲೆ ಮಳೆ. ಕಾಡು ಹಾಳಾಗದಿರಲಿ ಅಂತ ಇಲ್ಲಿ ಬಹಳ ಕಡೆ ಮಣ್ಣಿನಲ್ಲಿ ಕರಗುವ ಗುಂಡನ್ನೇ ಬಳಸಬೇಕು. ಅವಕ್ಕೆ ತೇವ ಆಗದು. ಎರಡು ವಾರ ಡಬ್ಬದಲ್ಲೇ ಬಿಟ್ಟು ಶೆಡ್ಡಿನಲ್ಲಿಟ್ಟಿದ್ದೆ. ತೆಗೆದು ಅಳೆದರೆ ಕೆಲವು ಊದಿಕೊಂಡಿದ್ದವು. ಅಂಥದ್ದೊಂದು ಪೈಪಿನ ನಡುವೆ ಸಿಕ್ಕಿಕೊಂಡು, ತೆಗೆಯಲು ಸೈಕಲ್ ಬ್ರೇಕಿನ ವೈರು ತೂರಿಸಿ ಒಂದು ಸಂಜೆ ಕಳೆದೆ. ಕೊನೆಗೆ ಅದು ಹೊರಗೆ ಬಂದಿತು, ಹಿಂದಿದ್ದ ನೂರಾರು ಗುಂಡು ಅಡುಗೆಮನೆ ನೆಲದ ಮೇಲೆ ಚೆಲ್ಲಿದವು. ಫ್ರಿಜ್ಜಿನಡಿಯಿಂದ ಇವತ್ತಿಗೂ ಒಂದೊಂದು ಉರುಳಿ ಬರುತ್ತದೆ. ಹೆಂಡತಿ ಏನಂದಳು ಅನ್ನೋದು ಇಲ್ಲಿ ಬೇಡ.

ಇಷ್ಟೆಲ್ಲ ಮಾಡಿ ಎದುರಿನವರು ಹೆದರುತ್ತಾರಾ? ಅಷ್ಟಕ್ಕಷ್ಟೆ. ಪ್ಲಾಸ್ಟಿಕ್ ಗುಂಡು ಎಲೆಗೆ ಬಡಿದರೆ ಜಡಿಮಳೆಯ ಸದ್ದು, ಜೀವಭಯವೇನಿಲ್ಲ. ಹಳಬರು ಮರದ ಹಿಂದೆ ನಿಂತು ಸ್ಯಾಂಡ್‌ವಿಚ್ ತಿನ್ನುತ್ತಾ ನನ್ನ ಡಬ್ಬ ಖಾಲಿಯಾಗುವುದನ್ನೇ ಕಾಯುತ್ತಾರೆ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಗುಂಡಿನ ವಿಚಾರ ಅವರ ಕಿವಿಗೆ ಹೋಗಲೇ ಇಲ್ಲ. "ಆ ಸೊಂಟದ ಪಟ್ಟಿ ತೋರ್ಸು" ಅಂದರು. ಆಲಿಸ್ ಚೌಕಟ್ಟಿನ ಕೆಳಗೆ ಮೆತ್ತನೆಯ ಅಗಲ ಪಟ್ಟಿಯೊಂದಿದೆ, ಭಾರವನ್ನು ಭುಜದಿಂದ ಇಳಿಸಿ ಸೊಂಟಕ್ಕೆ ಕೊಡುತ್ತದೆ. ಫೋನನ್ನು ಕೆಳಗೆ ಹಿಡಿದು, ಬಕಲ್ ಬಿಚ್ಚಿ ಹಾಕಿ ತೋರಿಸಿದೆ. ಅಪ್ಪ ಕನ್ನಡಕ ಹಣೆಗೇರಿಸಿಕೊಂಡು ನೋಡಿದರು. ನಮ್ಮ ಪಂಪಿಗೆ ಇರುವುದು ಎರಡು ತೆಳು ಪಟ್ಟಿ, ಸಂಜೆಗೆ ಭುಜದ ಮೇಲೆ ಕೆಂಪು ಗೆರೆ ಮೂಡಿರುತ್ತದೆ.

"ಬಂದೂಕು ಅಲ್ಲೇ ಇರ್ಲಿ ಮಾರಾಯ. ಬರುವಾಗ ಆ ಚೌಕಟ್ಟೊಂದು ತಗೊಂಡು ಬಾ."

ಮಿಲಿಟರಿ ಹಳೆ ಸಾಮಾನಿನ ಅಂಗಡಿಯಿಂದ ಇನ್ನೊಂದು ತಂದಿದ್ದೇನೆ. ಸೂಟ್‌ಕೇಸಿನಲ್ಲಿ ಅದು ಅಡ್ಡಡ್ಡ ಮಾತ್ರ ಹಿಡಿಯುತ್ತಿದೆ. ಮಕ್ಕಳ ಚಾಕಲೇಟನ್ನೆಲ್ಲ ಅದರ ಸಂದಿಗೆ ತುಂಬುತ್ತಿದ್ದೇನೆ.